ನಮ್ಮವರ ಅವಸರವೂ ಬೀಗಿತ್ತಿಯ ಈಸ್ಟರೂ

ಈಜು ಬಾರದವರು, ಸೈಕಲ್ ಬಾರದವರು ಇರುತ್ತಾರಲ್ಲ, ಹಾಗೆ ನಮ್ಮ ಯಜಮಾನರಿಗೆ ಕಾಯುವುದು ಬರುವುದಿಲ್ಲ! ಮೂವತ್ತು ವರ್ಷ ಸಂಸಾರ ಮಾಡಿದವಳು ಹೇಳುತ್ತಿದ್ದೇನೆ, ನಂಬಿ.

ಕುಕ್ಕರ್ ಮೊದಲ ಸೀಟಿ ಹೊಡೆಯುವಷ್ಟರಲ್ಲಿ ತಟ್ಟೆ ಹಿಡಿದು ಒಲೆಯ ಪಕ್ಕ ಹಾಜರು. ಸಿಡ್ನಿಯಿಂದ ಮೆಲ್ಬರ್ನಿಗೆ ಮಗಳನ್ನು ನೋಡಲು ಹೋದಾಗಲೆಲ್ಲ, ಗ್ಲೆನ್ ವೇವರ್ಲಿಗೆ ಮೂರು ಸ್ಟೇಷನ್ ಇರುವಾಗಲೇ ಎದ್ದು ರೈಲಿನ ಬಾಗಿಲಲ್ಲಿ ನಿಲ್ಲುತ್ತಾರೆ. "ಅದು ಲಾಸ್ಟ್ ಸ್ಟಾಪು ಕಣ್ರೀ, ರೈಲು ಮುಂದೆ ಎಲ್ಲಿಗೂ ಹೋಗಲ್ಲ" ಎಂದರೆ, "ವಾಪಸ್ ಹೋಗುತ್ತಲ್ಲ?" ಎನ್ನುತ್ತಾರೆ. ಇಂಥವರ ಜೊತೆ ವಾದ ಮಾಡುವುದುಂಟೆ?

ಸಿಡ್ನಿಯದೇ ಬಡಾವಣೆ ಲಿವರ್‌ಪೂಲಿನಲ್ಲಿ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆ. ಮೂರನೇ ಅಧ್ಯಾಯಕ್ಕೇ ಇವರು ಪುರೋಹಿತರನ್ನು ತಡೆದರು. "ಸ್ವಾಮಿ, ಉಳಿದ ಕಥೆ ನಮಗೆಲ್ಲ ಗೊತ್ತು. ಸೀದಾ ಮಂಗಳಾರತಿಗೆ ಬನ್ನಿ." ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆ ಸೇರಿದೆ.

ಇಂಥವರಿಗೆ ಸಿಕ್ಕ ಬೀಗಿತ್ತಿಯಾದರೂ ಎಂಥವರು? ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು, ಮಗಳು ಪೋಲಿಷ್ ಮನೆತನದ ಹುಡುಗನನ್ನು ಮದುವೆಯಾದಳು. ಆ ಮನೆಯ ಈಸ್ಟರ್ ಎಂದರೆ ಕಾಯುವುದೇ ಹಬ್ಬ! ಶುಕ್ರವಾರ ಉಪವಾಸ. ಶನಿವಾರ ಬ್ರೆಡ್ಡು, ಉಪ್ಪು, ಬಣ್ಣದ ಮೊಟ್ಟೆ, ಸಕ್ಕರೆಯ ಕುರಿಮರಿ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಚರ್ಚಿಗೆ ಒಯ್ದು ತೀರ್ಥ ಹಾಕಿಸಬೇಕು. ಆಮೇಲೂ ಭಾನುವಾರ ಬೆಳಗಾಗುವವರೆಗೆ ಮುಟ್ಟುವಂತಿಲ್ಲ. ಆ ಹಬ್ಬಕ್ಕೆ ನಮ್ಮನ್ನೂ ಕರೆದಿದ್ದರು. ಮಗಳು ಮೊದಲೇ ಫೋನ್ ಮಾಡಿ ಅಂಗಲಾಚಿದ್ದಳು. "ಅಪ್ಪಾ, ಇಟ್ಸ್ ಮೈ ಫಸ್ಟ್ ಈಸ್ಟರ್ ದೇರ್. ಒಂದೇ ಒಂದು ದಿನ ವೇಟ್ ಮಾಡಿ, ಪ್ಲೀಸ್."

ಚರ್ಚಿನಲ್ಲಿ ಬೀಗಿತ್ತಿ ಗೌರವದಿಂದ ಬುಟ್ಟಿಯನ್ನು ಇವರ ತೊಡೆಯ ಮೇಲಿಟ್ಟರು. ಪಾದ್ರಿಗಳು ಸಾಲಿನ ಆ ತುದಿಯಿಂದ ತೀರ್ಥ ಚಿಮುಕಿಸುತ್ತ ಬಂದರು. ನಮ್ಮ ಬುಟ್ಟಿ ತಲುಪುವಷ್ಟರಲ್ಲಿ ಕುರಿಮರಿಗೆ ತಲೆ ಇರಲಿಲ್ಲ! ಕಟುಂ ಎಂದ ಸದ್ದು ಮೂರು ಸಾಲಿನವರೆಗೆ ಕೇಳಿಸಿತ್ತು.

"ಸಂಕ್ರಾಂತಿ ಸಕ್ಕರೆ ಅಚ್ಚಿನ ಥರಾನೇ ಇತ್ತು ಕಣೇ, ಕೈ ತಾನಾಗೇ ಹೋಯ್ತು" ಎಂದರು, ಬಾಯಲ್ಲಿ ತಲೆ ಇಟ್ಟುಕೊಂಡೇ. ಮಗಳ ಮುಖ ಕೆಂಪಾಯಿತು. ಬೀಗಿತ್ತಿ ಬುಟ್ಟಿಗೆ ಸಿಂಗರಿಸಿದ್ದ ಒಂದು ಹಸಿರು ಎಲೆಯಿಂದ ಕುರಿಮರಿಯ ಕುತ್ತಿಗೆ ಮುಚ್ಚಿದರು. ಅವರು ಬೈದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಬೀಗಿತ್ತಿ ಅಲ್ಲೇ ಉಳಿದರು. ಚರ್ಚಿನ ಒಂದು ಮೂಲೆಯಲ್ಲಿ ಸಮಾಧಿ ಮಾಡಿ ಯೇಸುವಿನ ಪ್ರತಿಮೆಯನ್ನು ಮಲಗಿಸಿರುತ್ತಾರೆ. ಭಾನುವಾರ ಎದ್ದು ಬರುವವರೆಗೆ ಅವನನ್ನು ಒಂಟಿಯಾಗಿ ಬಿಡಬಾರದಂತೆ. ಅದಕ್ಕೇ ಸರದಿಯ ಮೇಲೆ ಯಾರಾದರೂ ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ.

ಕಾರಿನಲ್ಲಿ, ಅಳಿಯ ಪಕ್ಕದಲ್ಲಿದ್ದಾನೆ ಎಂಬುದನ್ನೂ ಮರೆತು ನಾನು ಕೂಗಾಡಿದೆ. "ಮಗಳ ಮಾನ ಕಳೆದ್ರಿ. ಇನ್ನು ನಿಮ್ಮ ಜೊತೆ ನಾನು ಎಲ್ಲಿಗೂ ಬರಲ್ಲ." ಇವರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಮನೆಗೆ ಬಂದ ಸ್ವಲ್ಪ ಹೊತ್ತಿಗೇ ಮಾಯ! ಹಸಿವು ತಡೆಯಲಾರದೆ ಎಲ್ಲೋ ದೋಸೆ ಹುಡುಕಿಕೊಂಡು ಹೋಗಿರಬೇಕು ಎಂದು ಹಲ್ಲು ಕಡಿದೆ.

ಸಂಜೆ ಬೀಗಿತ್ತಿಯನ್ನು ಕರೆತರಲು ಅಳಿಯನ ಜೊತೆ ಹೋದರೆ, ಸಮಾಧಿಯ ಮುಂದೆ ಅವರ ಪಕ್ಕದಲ್ಲಿ ನಮ್ಮವರು. ಕೈ ಕಟ್ಟಿ ಕೂತಿದ್ದಾರೆ. ಕಾಲು ಕೂಡ ಅಲುಗಾಡುತ್ತಿಲ್ಲ. "ಮಧ್ಯಾಹ್ನದಿಂದ ಇಲ್ಲೇ ಇದ್ದಾರೆ" ಎಂದು ಬೀಗಿತ್ತಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು.

"ಏಳಿ, ಹೋಗೋಣ" ಎಂದೆ.

"ಇರೇ, ಮುಂದಿನವರು ಬರಲಿ. ಮಧ್ಯದಲ್ಲಿ ಬಿಟ್ಟು ಬರಬಾರದು."

"ನಿಮಗ್ಯಾವಾಗಿಂದ ಇದೆಲ್ಲ ಗೊತ್ತು?"

"ನಿಮ್ಮಪ್ಪ ಹೋದಾಗ, ನಿಮ್ಮಣ್ಣ ಡೆಲ್ಲಿಯಿಂದ ಬರೋವರೆಗೂ ನಾನೇ ಕೂತಿದ್ದೆನಲ್ಲ."

ನನಗೆ ಗೊತ್ತಿರಲಿಲ್ಲ. ಮಗಳು ಹೊಟ್ಟೆಯಲ್ಲಿದ್ದುದರಿಂದ ನಾನಾಗ ಸಿಡ್ನಿಯಲ್ಲೇ ಇದ್ದೆ. ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದವರು ಇವರು. ಅಪ್ಪನ ಪಕ್ಕ ಒಂದು ಹಗಲು, ಒಂದು ರಾತ್ರಿ, ಏಳದೆ ಕೂತಿದ್ದರಂತೆ. ನಾನು ಎಲ್ಲವನ್ನೂ ಅಣ್ಣನನ್ನೇ ಕೇಳಿ ತಿಳಿದುಕೊಂಡಿದ್ದೆ, ಇದೊಂದನ್ನು ಅವನು ಹೇಳಿರಲಿಲ್ಲ. ವಾಪಸ್ ಬಂದ ಇವರನ್ನು ಮಾತ್ರ, ಏರ್‌ಪೋರ್ಟಿನಲ್ಲಿ ಬ್ಯಾಗಿಗೆ ಕಾಯಲಾರದೆ ಗೊಣಗಿದರೆಂದು ಬೈದಿದ್ದೆ.

ತಲೆ ಎತ್ತಲಾಗಲಿಲ್ಲ. ಬೀಗಿತ್ತಿ ಸರಿದು ಜಾಗ ಮಾಡಿಕೊಟ್ಟರು. ನಮ್ಮವರ ಪಕ್ಕದಲ್ಲಿ ಕೂತು, ಇಷ್ಟು ವರ್ಷಗಳ ಮೇಲೆ ಕೇಳಿದೆ:

"ಅಪ್ಪನ ಮುಖ ಹೇಗಿತ್ತು ರೀ?"