ಸಿರಿಯ ಕರಾರು

ಕಾಂತರಾಜನ ಮಾನ ಭದ್ರಾವತಿಯಲ್ಲಿ ಹರಾಜಾಗುವ ಮಟ್ಟಕ್ಕೆ ಬಂದದ್ದು ಎರಡು ಪುಟ್ಟ ಬೆರಳುಗಳಿಂದ. ಅವೂ ಅವನವಲ್ಲ, ಯುಕೆಜಿ ಓದುವ ಮಗಳು ಸಿರಿಯವು. ಟಿವಿ ನೋಡುವಾಗ, ನಿದ್ದೆ ಬರುವಾಗ, ಮನೆಗೆ ಹೊಸಬರು ಬಂದಾಗ ಆ ಎರಡು ಬೆರಳು ಸೀದಾ ಹೋಗಿ ಅವಳ ಬಾಯೊಳಗೆ ಕೂರುತ್ತಿದ್ದವು.

ಶಿವಮೊಗ್ಗದ ಆಲ್ಕೊಳದ ಅವರ ಬೀದಿಯಲ್ಲಿ ಇದಕ್ಕೆ ಔಷಧ ಹೇಳದವರೇ ಇರಲಿಲ್ಲ. ಪಕ್ಕದ ಮನೆ ಕಲ್ಲಮ್ಮ ಹಾಗಲಕಾಯಿ ರಸ ಎಂದರು, ಎದುರು ಮನೆಯವರು ಮೆಣಸಿನಪುಡಿ ಎಂದರು. ಮಕ್ಕಳ ಡಾಕ್ಟರು ಎರಡಕ್ಕೂ ಕೈಮುಗಿದುಬಿಟ್ಟರು.

"ಏನೂ ಹಚ್ಚಬೇಡಿ, ಗದರಬೇಡಿ. ಕೈಗೆ ಏನಾದ್ರೂ ಹಿಡ್ಕೊಳ್ಳೋಕೆ ಕೊಡಿ, ಬಿಟ್ಟಾಗ ಹೊಗಳಿ. ನಾಲ್ಕು ಜನರ ಎದುರು ಮಾತ್ರ ಬೆರಳಿನ ಸುದ್ದಿ ಎತ್ತಲೇಬೇಡಿ. ಮಗು ನಾಚಿಕೊಂಡ್ರೆ ಇನ್ನೂ ಜಾಸ್ತಿಯಾಗುತ್ತೆ."

ಅದರಂತೆ ಭಾನುವಾರ ಬೆಳಿಗ್ಗೆ ಕಾಂತರಾಜ ಮಗಳನ್ನು ಮುದ್ದಾಗಿ ಕೇಳಿದ. "ಪುಟ್ಟಿ, ಇವತ್ತೊಂದು ದಿನ ಬೆರಳು ಬಿಡ್ತೀಯಾ?"

ಸಿರಿ ಬೆರಳು ಹೊರತೆಗೆದು ಅಪ್ಪನ ಉಬ್ಬಿದ ಕೆನ್ನೆಯನ್ನು ನೋಡಿದಳು. "ಬಿಡ್ತೀನಿ. ನೀನೇನು ಬಿಡ್ತೀಯಾ?"

ಉಬ್ಬಿದ ಕೆನ್ನೆಯೊಳಗೆ ಎಲೆಅಡಿಕೆಯಿತ್ತು. ಅದಿಲ್ಲದಿದ್ದರೆ ಕಾಂತರಾಜನಿಗೆ ಕೈಕಾಲು ಆಡದು. ಆದರೂ ಮಗಳ ಮುಂದೆ ಸಣ್ಣವನಾಗಬಾರದೆಂದು ಎದ್ದು ಹೋಗಿ ಉಗಿದು ಬಂದ. ಮಾತು ಪಕ್ಕಾ ಆಯಿತು. ಸಂಜೆ ಅವಳ ಬೆರಳನ್ನು ಅವನು ನೋಡಬೇಕು, ಅವನ ನಾಲಿಗೆಯನ್ನು ಅವಳು ನೋಡಬೇಕು. ಹಿಡಿದುಕೊಳ್ಳಲು ಏನು ಬೇಕೆಂದು ಕೇಳಿದರೆ ಸಿರಿ ಅಪ್ಪನ ಹಿತ್ತಾಳೆಯ ಅಡಿಕೆ ಡಬ್ಬಿಯನ್ನೇ ಕೇಳಿ ಈಸಿಕೊಂಡಳು.

"ನಿಮ್ಮ ಕೈಲಾಗುತ್ತೇನ್ರೀ?" ಎಂದಳು ಹೆಂಡತಿ ಮಧುಶ್ರೀ.

"ಅದೇನು ಮಹಾ! ಕಾಫಿ ಒಂದಿದ್ರೆ ಸಾಕು ನಂಗೆ," ಎಂದ ಕಾಂತರಾಜ, ಎರಡನೇ ಲೋಟ ಬಗ್ಗಿಸಿಕೊಳ್ಳುತ್ತ.

ಅವತ್ತು ಭದ್ರಾವತಿಗೆ ಹೋಗಬೇಕಿತ್ತು. ತಂಗಿ ಮೈತ್ರಿಗೆ ಅಲ್ಲಿನ ಶಶಿಧರ್ ಒಪ್ಪಿಗೆಯಾಗಿದ್ದ. ಎರಡು ಸಂಬಂಧ ಕೈತಪ್ಪಿ ಮಂಕಾಗಿದ್ದ ಮೈತ್ರಿ ಈ ಹುಡುಗನನ್ನು ನೋಡಿದ ಮೇಲೆ ಮನೆಯಲ್ಲಿ ಹಾಡು ಗುನುಗಲು ಶುರುಮಾಡಿದ್ದಳು. ತಂದೆಯಿಲ್ಲದ ಮನೆಗೆ ಕಾಂತರಾಜನೇ ಹಿರಿಯ. ಇವತ್ತು ಹೋಗಿ ಮಾತು ಕೊಟ್ಟು ಬರುವುದೊಂದೇ ಬಾಕಿ.

ಬಸ್ಸು ಮಾಚೇನಹಳ್ಳಿ ದಾಟಿದ ಮೇಲೆ ಅವನಿಗೆ ಥಟ್ಟನೆ ನೆನಪಾಯಿತು. ಮಾತು ಕೊಡುವುದೆಂದರೆ ಬರೀ ಬಾಯಿಮಾತಲ್ಲ. ಗಂಡಿನ ತಂದೆ ಮಡಿಸಿ ಕೊಟ್ಟ ವೀಳ್ಯವನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಒಪ್ಪಿಗೆ, ಹಾಕಿಕೊಳ್ಳದಿದ್ದರೆ ಸಂಬಂಧ ಬೇಡವೆಂದೇ ಅರ್ಥ.

"ಪುಟ್ಟಿ, ಅಲ್ಲಿ ಒಂದೇ ಒಂದು ಸಲ ಅಪ್ಪ…"

ಸಿರಿ ಎರಡು ಬೆರಳನ್ನು ತುಟಿಯ ಹತ್ತಿರ ತಂದು ನಿಲ್ಲಿಸಿದಳು, ಅಷ್ಟೇ. ಕಾಂತರಾಜ ಕಿಟಕಿಯ ಕಡೆ ತಿರುಗಿದ. ಬೆಳಿಗ್ಗೆಯಿಂದ ಒಂದೇ ಒಂದು ಸಲವೂ ಆ ಬೆರಳು ಬಾಯಿಗೆ ಹೋಗಿರಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಪಾಪ ಅದೆಷ್ಟು ಕಷ್ಟಪಡುತ್ತಿತ್ತು ಮಗು! ಅವನಿಗೆ ಅಳುವೇ ಬಂದಂತಾಯಿತು. ಡಬ್ಬಿಯೊಳಗಿನ ಅಡಿಕೆ ಗಲಗಲ ಎಂದಾಗ ಇನ್ನಷ್ಟು ಬಂತು.

ಗಂಡಿನ ತಂದೆ ಧರ್ಮಪ್ಪ ಕಾರ್ಖಾನೆಯಿಂದ ನಿವೃತ್ತರಾದವರು, ಕೋಪ ಮಾತ್ರ ಇನ್ನೂ ಸರ್ವೀಸಿನಲ್ಲಿತ್ತು. ಉಪ್ಪಿಟ್ಟು, ಕೇಸರಿಬಾತ್, ಚಕ್ಕುಲಿ ಎಲ್ಲ ಆಗಿ ಮಾತು ಚೆನ್ನಾಗಿಯೇ ನಡೆಯಿತು. ಕೊನೆಗೆ ತಟ್ಟೆ ಬಂತು. ಧರ್ಮಪ್ಪ ಎಲೆಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಿಸಿ ಕೊಟ್ಟರು.

"ತಗೊಳ್ಳಿ ಬೀಗರೇ."

ಕಾಂತರಾಜ ತೆಗೆದುಕೊಂಡು ಕೈಯಲ್ಲೇ ಇಟ್ಟುಕೊಂಡ. ಪಕ್ಕದಲ್ಲಿ ಸಿರಿ ಅವನ ಬಾಯನ್ನೇ ಕಾಯುತ್ತಿದ್ದಳು.

"ಹಾಕ್ಕೊಳ್ಳಿ."

"ಆಮೇಲೆ ಹಾಕ್ಕೊಳ್ತೀನಿ."

ಮಾತುಕತೆಗೆ ಕರೆಯದಿದ್ದರೂ ಬಂದು ಕೂತಿದ್ದ ಪಕ್ಕದ ಮನೆ ಓಬಯ್ಯ ಕುರ್ಚಿ ಮುಂದಕ್ಕೆಳೆದುಕೊಂಡ. "ಆಮೇಲೆ ಅಂದ್ರೆ ಯಾವಾಗ ಮಾರಾಯ್ರೇ? ಮದುವೆ ಆದ್ಮೇಲಾ?"

"ಇಲ್ಲ, ನಂಗೆ ಸ್ವಲ್ಪ ಹಲ್ಲುನೋವು."

"ಹಲ್ಲುನೋವಾ! ಈಗ ತಾನೇ ಚಕ್ಕುಲಿ ತಿಂದ್ರಿ. ಕಟಕಟ ಸದ್ದು ನಮ್ಮನೆ ಅಡುಗೆಮನೆವರೆಗೂ ಕೇಳ್ತಂತೆ."

ಮಧುಶ್ರೀ ಗಂಡನ ತೊಡೆ ಚಿವುಟಿದಳು. ಧರ್ಮಪ್ಪನವರ ಹುಬ್ಬು ಮೇಲೇರಿತು. ಶಶಿಧರ್ ಪಾಪ ಬೆವರು ಒರೆಸಿಕೊಂಡ. ಇದ್ದದ್ದನ್ನು ಹೇಳಿಬಿಡೋಣವೆಂದರೆ ಡಾಕ್ಟರ ಮಾತು ಅಡ್ಡ ಬಂತು. ಇಷ್ಟು ಜನರೆದುರು ಬೆರಳಿನ ಸುದ್ದಿ ಎತ್ತುವುದು ಹೇಗೆ? ಕಾಂತರಾಜನಿಗೆ ಅತ್ತ ದರಿ, ಇತ್ತ ಪುಲಿ.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ," ಎಂದು ಓಬಯ್ಯ ಯಾರಿಗೂ ಅಲ್ಲವೆಂಬಂತೆ ಹೇಳಿದ.

ಅಷ್ಟು ಸಾಕಾಯಿತು. ಧರ್ಮಪ್ಪ ಎದ್ದು ನಿಂತರು. "ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ ಕಾಂತರಾಜ್. ಮನೆಗೆ ಬಂದು ವೀಳ್ಯ ಕೈಯಲ್ಲಿ ಹಿಡ್ಕೊಂಡು ಕೂತ್ಕೊಂಡು ಅವಮಾನ ಮಾಡಬೇಡಿ."

ಇಷ್ಟಾಗುವಾಗ ಒಳಗಿನಿಂದ ಧರ್ಮಪ್ಪನವರ ತಾಯಿ ಚಿನ್ನಮ್ಮ ಬಂದರು. ದೊಡ್ಡವರ ಜಗಳ ಮಗುವಿಗೇಕೆಂದು ಸಿರಿಯ ತೋಳು ಹಿಡಿದರು. "ಬಾ ಕೂಸೇ, ಹಿತ್ತಲಲ್ಲಿ ಬೆಕ್ಕು ಮರಿ ಹಾಕಿದೆ, ತೋರಿಸ್ತೀನಿ."

ಸಿರಿ ಹೋಗುತ್ತ ಎರಡು ಸಲ ತಿರುಗಿ ನೋಡಿದಳು. ಅವಳ ಲಂಗದ ಅಂಚು ಬಾಗಿಲಾಚೆ ಮರೆಯಾಗಿದ್ದೇ ತಡ, ಕಾಂತರಾಜ ವೀಳ್ಯವನ್ನು ಬಾಯಿಗೆ ತುರುಕಿಕೊಂಡ. ಧರ್ಮಪ್ಪ ಬೆರಗಾದರು, ಆಮೇಲೆ ನಕ್ಕರು, ಆಮೇಲೆ ತಬ್ಬಿಕೊಂಡರು. ಲಗ್ನದ ತಿಂಗಳೂ ಗೊತ್ತಾಯಿತು. ಫೋನಿನಲ್ಲಿ ಮೈತ್ರಿ "ಅಣ್ಣಾ" ಎಂದಷ್ಟೇ ಹೇಳಿ ಅತ್ತುಬಿಟ್ಟಳು.

ಬೆಳಿಗ್ಗೆಯಿಂದ ಹಸಿದಿದ್ದ ಬಾಯಿಗೆ ಆ ಅಡಿಕೆ ಅಮೃತವಾಗಿತ್ತು. ಆದರೆ ರಸ ಗಂಟಲಿಗಿಳಿಯುತ್ತಲೇ ಮಗಳ ಮುಖ ಕಣ್ಣೆದುರು ಬಂತು. ಬಚ್ಚಲಿಗೆ ಓಡಿ ಉಪ್ಪು ಹಾಕಿ, ಟವೆಲಿನಿಂದ ತಿಕ್ಕಿ, ನಾಲಿಗೆ ಕಿತ್ತುಬರುವಷ್ಟು ಉಜ್ಜಿದ. ಚೆನ್ನಾಗಿ ತಿಕ್ಕಿದ ತಾಮ್ರದ ಚೊಂಬಿನಂತೆ ಅದು ಇನ್ನೂ ಕೆಂಪಾಯಿತು.

ವಾಪಸ್ ಬಸ್ಸಿನಲ್ಲಿ ಸಿರಿ ಕಿಟಕಿಯ ಪಕ್ಕ ತುಟಿ ಬಿಗಿದು ಗಂಭೀರವಾಗಿ ಕೂತಳು. ಕಾಂತರಾಜ ಕಾಲ ತಳ್ಳಲು ಮೊದಲು ಅವಳ ಬೆರಳು ಹಿಡಿದು ನೋಡಿದ. ಒಣಗಿದ, ಸುಕ್ಕಿಲ್ಲದ, ಬಿಸಿಲಿಗಿಟ್ಟಂಥ ಬೆರಳುಗಳು! ಹುಟ್ಟಿದಾಗಿನಿಂದ ಅವನ್ನು ಹೀಗೆ ಕಂಡಿರಲಿಲ್ಲ. ಸಂತೋಷಕ್ಕೆ ಅವಕ್ಕೊಂದು ಮುತ್ತು ಕೊಟ್ಟ.

"ನಿನ್ನ ನಾಲಿಗೆ," ಎಂದಳು ಸಿರಿ.

ವಿಧಿಯಿರಲಿಲ್ಲ. ತುದಿ ಮಾತ್ರ ತೋರಿಸಿದ. "ಕೇಸರಿಬಾತ್ ಬಣ್ಣ ಪುಟ್ಟಿ, ಅವರು ಜಾಸ್ತಿ ಹಾಕಿದ್ರು."

"ಸುಳ್ಳು. ಅಡಿಕೆ ಹಾಕ್ಕೊಂಡಿದ್ದೀಯಾ."

"ನಿಂಗೆ ಹೇಗೆ ಗೊತ್ತು?"

ಸಿರಿ ಬಾಯಿ ತೆರೆದು ನಾಲಿಗೆ ಪೂರ್ತಿ ಚಾಚಿದಳು. ಅಪ್ಪನದಕ್ಕಿಂತ ಕೆಂಪಾಗಿತ್ತು. "ನಂದೂ ಹಿಂಗೇ ಆಯ್ತಲ್ಲ. ಅಜ್ಜಿ ನಮ್ಮ ಡಬ್ಬಿ ತೆಗೆದು ಎಲೆಅಡಿಕೆ ಮಾಡಿಕೊಟ್ರು, ಸಕ್ಕರೆ ಹಾಕಿ. ಅಡಿಕೆ ಇದ್ರೆ ಬೆರಳು ನೆನಪೇ ಆಗಲ್ಲ ಅಪ್ಪ!"

ಕಾಂತರಾಜ ಬೆಚ್ಚಿಬಿದ್ದ. "ಅಯ್ಯಯ್ಯೋ! ಮಕ್ಕಳು ಅಡಿಕೆ ಹಾಕ್ಕೋಬಾರ್ದು ಕಣಮ್ಮ, ಬಿಟ್ಟುಬಿಡು!"

"ಬಿಡ್ತೀನಿ. ನೀನೇನು ಬಿಡ್ತೀಯಾ?"

"ನಾನೂ ಅಡಿಕೆ ಬಿಡ್ತೀನಿ. ಈ ಸಲ ನಿಜವಾಗ್ಲೂ."

"ಅದು ಬೆರಳಿಗೆ," ಎಂದಳು ಸಿರಿ, ಡಬ್ಬಿಯನ್ನು ಗಲಗಲ ಅಲ್ಲಾಡಿಸುತ್ತ. "ಅಡಿಕೆಗೆ ಬೇರೆ ಏನಾದ್ರೂ ಬಿಡಬೇಕು."

ಅವಳು ಯೋಚಿಸತೊಡಗಿದಳು. ಮಧುಶ್ರೀ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಬಸ್ಸು ಶಿವಮೊಗ್ಗ ಸ್ಟ್ಯಾಂಡಿಗೆ ಬಂದು ನಿಂತಿತು. ಇಳಿದ ಕೂಡಲೇ ಎದುರಿನ ಹೋಟೆಲಿನಿಂದ ಘಮ್ಮೆಂದು ವಾಸನೆ ಬಂತು. ಕಾಂತರಾಜನ ಕಾಲುಗಳು ತಾವಾಗಿಯೇ ಅತ್ತ ತಿರುಗಿದವು.

ಸಿರಿ ಅಪ್ಪನ ಅಂಗಿ ಹಿಡಿದು ಜಗ್ಗಿದಳು.

"ಕಾಫಿ," ಎಂದಳು.