ಒಲೆ ಹಚ್ಚಲು ಪಕ್ಕದ ಮನೆ

ಒಬ್ಬನೇ ಇರುವವನ ಬಾಳಿನಲ್ಲಿ ತಮಾಷೆ ಕಡಿಮೆ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ, ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ಮನೆಗೆ ಬಂದು ಹೇಳಿಕೊಳ್ಳೋಣವೆಂದರೆ ಕೇಳುವವರಿರುವುದಿಲ್ಲ, ಅಷ್ಟೇ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚಾಮರಾಜಪೇಟೆಯ ಒಂದು ನಿಘಂಟು ಕಚೇರಿಯಲ್ಲಿ ಪದಗಳ ಚೀಟಿ ಬರೆಯುತ್ತಿದ್ದೆ. ಶಂಕರಪುರದ ವಠಾರದಲ್ಲಿ ಒಂದೂವರೆ ಕೋಣೆಯ ಮನೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಗ ನನ್ನ ಪಾಲಿಗೆ ಬಂದ ಪದ ‘ಹಚ್ಚು’.

ಅರ್ಥ

ಚೀಟಿಯ ಮೇಲೆ ‘ಹಚ್ಚು: ಉರಿಯುವಂತೆ ಮಾಡು’ ಎಂದು ಬರೆದು ಸಂಪಾದಕರ ಮುಂದಿಟ್ಟೆ. ಅವರು ಕನ್ನಡಕ ಹಣೆಗೇರಿಸಿದರು.

“ಮನೇಲಿ ಒಲೆ ಹಚ್ತೀರೇನ್ರಿ?”

“ದಿನಾ ಹಚ್ತೀನಿ ಸಾರ್.”

“ಮತ್ತೆ ಗೊತ್ತಾಗ್ಲಿಲ್ವಾ? ಹಳಗನ್ನಡದಲ್ಲಿ ‘ಪತ್ತು’ ಅಂದ್ರೆ ಅಂಟಿಕೋ, ಹಿಡಿದುಕೋ. ಅದೇ ‘ಹತ್ತು’ ಆಯ್ತು. ಬೆಂಕಿ ಹತ್ತಿಕೊಳ್ತು ಅಂತೀವಲ್ಲ, ಅದು. ಹತ್ತೋ ಹಾಗೆ ಮಾಡೋದೇ ಹಚ್ಚೋದು. ಗಾಯಕ್ಕೆ ಮುಲಾಮು ಹಚ್ಚಿದ ಹಾಗೆ, ಎಲ್ಲೋ ಇರೋ ಬೆಂಕೀನ ತಂದು ಅಂಟಿಸೋದು. ನಮ್ಮಜ್ಜಿ ಪಕ್ಕದ ಮನೆಯಿಂದ ಕೆಂಡ ತಂದೇ ಒಲೆ ಹಚ್ತಿದ್ರು. ಹೋಗಿ, ನಾಲ್ಕು ಜನರನ್ನ ಮಾತಾಡಿಸಿ, ಅವರ ಬಾಯಿಂದ ಪ್ರಯೋಗ ತನ್ನಿ.”

ಮಾತಾಡಿಸಲು ನನಗೆ ನಾಲ್ಕು ಜನ ಇಲ್ಲ ಎಂದು ಹೇಳಲು ನಾಚಿಕೆಯಾಯಿತು. “ಮೂರು ಜನ ಸಾಕಾ ಸಾರ್?” ಎಂದೆ.

ಪ್ರಯೋಗ

ಬೀದಿ ಮೂಲೆಯ ಅಂಗಡಿಯವರನ್ನು ಕೇಳಿದೆ: “‘ಹಚ್ಚು’ ಅನ್ನೋ ಮಾತನ್ನ ನೀವು ಹೇಗೆ ಬಳಸ್ತೀರಿ?”

“ಬೀಡೀನಾ, ಸಿಗರೇಟಾ?”

“ಎರಡೂ ಅಲ್ಲ. ಪದ.”

“ಪದ ಇಟ್ಟಿಲ್ಲ ಮೇಷ್ಟ್ರೇ. ಬೇರೆ ಏನಾದ್ರೂ ತಗೊಳ್ಳಿ.” ಕಂಕುಳಲ್ಲಿ ಕಾಗದ ಇಟ್ಟುಕೊಂಡು ಓಡಾಡುವುದರಿಂದ ಬೀದಿಗೆಲ್ಲ ನಾನು ಮೇಷ್ಟ್ರು.

ಬರಿಗೈಯಲ್ಲಿ ಹೇಗೆ ಬರುವುದೆಂದು ಒಂದು ಬೆಂಕಿಪೊಟ್ಟಣ ಕೊಂಡೆ. ಅದನ್ನು ಕೊಡುವಷ್ಟರಲ್ಲಿ ಅವರು ಮಗಳ ಮದುವೆ, ತಮ್ಮ ಮಂಡಿನೋವು ಎಲ್ಲವನ್ನೂ ಹೇಳಿದರು. ಮಾರನೆಯ ದಿನವೂ ಹೋದೆ. ದಿನಾ ಸಂಜೆ ಒಂದು ಬೆಂಕಿಪೊಟ್ಟಣ, ಹತ್ತು ನಿಮಿಷ ಮಾತು, ಅದೇ ಪರಿಪಾಠವಾಯಿತು. ಪೊಟ್ಟಣಗಳನ್ನು ಹೆಂಡತಿ ಅಕ್ಕಿ ತುಂಬಿಡುತ್ತಿದ್ದ ಡಬ್ಬದಲ್ಲಿ ಹಾಕುತ್ತಾ ಹೋದೆ. ಒಬ್ಬನಿಗೆ ಅಷ್ಟು ದೊಡ್ಡ ಡಬ್ಬದ ಅಕ್ಕಿ ಬೇಕಾಗುತ್ತಿರಲಿಲ್ಲ.

ತಿಂಗಳಾದ ಮೇಲೆ ಅಂಗಡಿಯವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: “ಮೇಷ್ಟ್ರೇ, ಕಚೇರೀಲಿ ಯಾರ ಮೇಲಾದ್ರೂ ಸಿಟ್ಟಿದ್ಯಾ?”

ಪೇಪರಿನ ಸುರುಳಿ

ಪಕ್ಕದ ಮನೆಯಲ್ಲಿ ಒಂಬತ್ತು ಜನ. ಆ ಮನೆಯ ಯಜಮಾನಿ ಬೆಳಗ್ಗೆ ಐದೂವರೆಗೇ ಸ್ನಾನದ ನೀರಿಗೆ ಹಂಡೆ ಒಲೆ ಹಚ್ಚುತ್ತಿದ್ದರು. ಮಳೆಗಾಲದಲ್ಲಿ ಒಂದು ದಿನ ನನ್ನ ಕಡ್ಡಿಗಳೆಲ್ಲ ತೇವವಾಗಿ ಸ್ಟವ್ ಹತ್ತಲಿಲ್ಲ. ಅವತ್ತಿನ ಮಟ್ಟಿಗೆ ಇದು ನಿಜ. ಹಳೆಯ ಪೇಪರನ್ನು ಸುರುಳಿ ಸುತ್ತಿಕೊಂಡು ಹೋಗಿ, “ಅಮ್ಮಾ, ಸ್ವಲ್ಪ ಬೆಂಕಿ ಕೊಡ್ತೀರಾ?” ಎಂದೆ. ಅವರು ಸುರುಳಿಯನ್ನು ಒಲೆಗೆ ಹಿಡಿದು ಹಚ್ಚಿಕೊಟ್ಟು, “ರಾತ್ರಿ ಏನು ಊಟ ಮಾಡಿದ್ರಿ?” ಎಂದು ಕೇಳಿದರು. ಎರಡು ವರ್ಷದಿಂದ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ.

ಮಾರನೆಯ ದಿನ ಬಿಸಿಲು ಬಂದು ಕಡ್ಡಿಗಳು ಒಣಗಿದವು. ಆದರೂ ಹೋದೆ. ಒಬ್ಬನೇ ಇರುವ ಮನೆಯಲ್ಲಿ ಬೆಂಕಿಪೊಟ್ಟಣವೆಂದರೆ ಭಯ, ಅದಕ್ಕೇ ಇಡುವುದೇ ಇಲ್ಲ ಎಂದು ಸುಳ್ಳು ಹೇಳಿದೆ. ದಾರಿಯಲ್ಲಿ ಗಾಳಿಗೆ ಸುರುಳಿ ಆರಿದರೆ ಮತ್ತೆ ಹೋಗುತ್ತಿದ್ದೆ. ಗಾಳಿ ಬೀಸದ ದಿನ ನಾನೇ ಊದಿ ಆರಿಸುತ್ತಿದ್ದೆ. ಹೀಗೆ ಒಂದೇ ಬೆಳಗ್ಗೆ ಮೂರನೇ ಸಲ ಹೋದಾಗ ಅವರು, “ಸ್ಟವ್ವನ್ನೇ ಎತ್ಕೊಂಡು ಬಂದ್ಬಿಡಿ ಮೇಷ್ಟ್ರೇ, ಪೇಪರಾದ್ರೂ ಉಳಿಯುತ್ತೆ” ಎಂದರು.

ವಾರ

ಮಂಗಳವಾರ, ಶುಕ್ರವಾರ ಮಾತ್ರ ಅವರು ಕೊಡುತ್ತಿರಲಿಲ್ಲ. “ಇವತ್ತು ಮನೆ ಬೆಂಕಿ ಹೊರಗೆ ಹೋಗ್ಬಾರ್ದು. ಲಕ್ಷ್ಮಿ ಹಿಂದೇನೇ ಹೋಗ್ಬಿಡ್ತಾಳೆ.”

ಡಬ್ಬದ ತುಂಬ ಬೆಂಕಿಪೊಟ್ಟಣ ಇಟ್ಟುಕೊಂಡು ಆ ಎರಡು ದಿನ ನಾನು ಸ್ಟವ್ ಹಚ್ಚುತ್ತಲೇ ಇರಲಿಲ್ಲ. ಮಜ್ಜಿಗೆಯಲ್ಲಿ ಅವಲಕ್ಕಿ ನೆನೆಸಿಕೊಂಡು ತಿನ್ನುತ್ತಿದ್ದೆ. ನಾನೇ ಕಡ್ಡಿ ಗೀರಿ, ನನಗೊಬ್ಬನಿಗೇ ಅನ್ನ ಬೇಯಿಸಿಕೊಳ್ಳುವುದು ಆ ದಿನಗಳಲ್ಲಿ ಬಹಳ ಬೇಸರದ ಕೆಲಸವಾಗಿತ್ತು.

ಕಚೇರಿಯಲ್ಲಿ ಚೀಟಿಯ ಮೇಲೆ ‘ಪ್ರಯೋಗ: ಮಂಗಳವಾರ ಒಲೆ ಹಚ್ಚಲಿಲ್ಲ’ ಎಂದು ಬರೆದಿದ್ದೆ. ಸಂಪಾದಕರು ನೋಡಿ, “ಇದು ಯಾವ ಕಾವ್ಯದ್ದು?” ಎಂದರು.

“ನಮ್ಮನೇದು ಸಾರ್.”

ಕರೆಂಟು ಹೋದದ್ದು

ಒಂದು ಗುರುವಾರ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಪಕ್ಕದ ಮನೆಯಮ್ಮ ತಡವರಿಸಿಕೊಂಡು ನನ್ನ ಬಾಗಿಲಿಗೆ ಬಂದರು.

“ಮೇಷ್ಟ್ರೇ, ನಿಮ್ಮ ಹತ್ರ ಬೆಂಕಿಪೊಟ್ಟಣ ಇಲ್ಲ ಅಂತ ಗೊತ್ತು. ಟಾರ್ಚಾದ್ರೂ ಇದ್ಯಾ? ನಮ್ಮ ಪೊಟ್ಟಣ ಕತ್ತಲಲ್ಲಿ ಸಿಗ್ತಿಲ್ಲ. ಅತ್ತೆ ದೇವರ ಮುಂದೆ ಕೂತ್ಬಿಟ್ಟಿದಾರೆ, ಬತ್ತಿ ಹಾಕ್ಕೊಂಡು.”

ಟಾರ್ಚ್ ಇರಲಿಲ್ಲ. ಇಲ್ಲ ಎಂದು ಹೇಳಿಬಿಟ್ಟಿದ್ದರೆ ನನ್ನ ಸುಳ್ಳು ಉಳಿಯುತ್ತಿತ್ತು, ಬೆಳಗಿನ ಆ ನಾಲ್ಕು ಮಾತೂ ಉಳಿಯುತ್ತಿದ್ದವು. ಆದರೆ ದಿನಾ ಬೆಂಕಿ ಕೊಟ್ಟವರ ಮನೆಯ ದೇವರನ್ನು ಕತ್ತಲಲ್ಲಿ ಕೂರಿಸುವುದು ಹೇಗೆ? ಒಂದೇ ಒಂದನ್ನು ಮೆಲ್ಲಗೆ ತೆಗೆಯೋಣವೆಂದು ಡಬ್ಬಕ್ಕೆ ಕೈ ಹಾಕಿದೆ. ಡಬ್ಬ ಮಗುಚಿತು. ಅವರು ಕಾಲಬುಡಕ್ಕೆ ಬಂದ ಪೊಟ್ಟಣವೊಂದನ್ನು ಎತ್ತಿಕೊಂಡು ಕಡ್ಡಿ ಗೀರಿದರು. ನೆಲದ ತುಂಬ ಬೆಂಕಿಪೊಟ್ಟಣಗಳು ಕಂಡವು.

ಕಡ್ಡಿ ಪೂರ್ತಿ ಉರಿಯುವವರೆಗೂ ಅವರು ಅವನ್ನೇ ನೋಡಿದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ.

“ಮೇಷ್ಟ್ರೇ, ನಾಳೆಯಿಂದ ಬೆಂಕಿ ಕೇಳ್ಕೊಂಡು ಬರ್ಬೇಡಿ.”

“ಇಲ್ಲಮ್ಮಾ,” ಎಂದೆ.

ಪೊಟ್ಟಣ ಹಿಡಿದು ಹೊಸ್ತಿಲು ದಾಟಿದವರು ಅಲ್ಲೇ ನಿಂತರು.

“ಕಾಫಿಪುಡಿ ಕೇಳ್ಕೊಂಡು ಬನ್ನಿ. ಶಾಸ್ತ್ರ ಬರೆದೋರು ಕಾಫಿ ಕುಡೀತಿರ್ಲಿಲ್ಲ. ಮಂಗಳವಾರ, ಶುಕ್ರವಾರಾನೂ ಕೊಡಬಹುದು.”

ಮಾರನೆಯ ದಿನ ಶುಕ್ರವಾರ. ಐದೂವರೆಗೇ ಲೋಟ ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದೆ.