ಬಾದಷಾನ ಪರಾತ

ಹಾಜಿಮಲಂಗನ ಮಾತನ್ನು ಈ ಲೋಕದಲ್ಲಿ ಕೇಳುತ್ತಿದ್ದ ಜೀವ ಒಂದೇ ಒಂದು. ಅದೊಂದು ಬಿಳಿ ಮೊಲ, ಹೆಸರು ಬಾದಷಾ.

ರಾಯಬಾಗದ ಒಂದು ಕಚೇರಿಯಲ್ಲಿ ಅವನು ಇಪ್ಪತ್ತೆರಡು ವರ್ಷಗಳಿಂದ ಜವಾನ. "ಸಾಹೇಬ್ರು ಮೀಟಿಂಗಿನ್ಯಾಗ ಅದಾರ, ಸ್ವಲ್ಪ ತಡೀರಿ" ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಬಂದವರು ಬಾಗಿಲು ತಳ್ಳಿ ಒಳಗೆ ಹೋಗಿರುತ್ತಿದ್ದರು. ಆಮೇಲೆ ಬೈಸಿಕೊಳ್ಳುವ ಪಾಳಿ ಇವನದು. ಚಹಾದಂಗಡಿಯಲ್ಲಿ ಸಕ್ಕರೆ ಕಡಿಮೆ ಹಾಕು ಎಂದರೆ ಎರಡು ಚಮಚ ಹೆಚ್ಚು ಬೀಳುತ್ತಿತ್ತು. ಕೈ ಮಾಡಿದರೆ ಬಸ್ಸು ನಿಲ್ಲುತ್ತಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಸುಮಯ್ಯಾ ಅವನು ಏನು ಹೇಳಿದರೂ ಮೊಬೈಲಿನಿಂದ ಕಣ್ಣೆತ್ತದೆ "ಹೂಂ ಅಬ್ಬಾ" ಅನ್ನುತ್ತಿದ್ದಳು. ಹೆಂಡತಿ ಮದಿನಾಬಿ ಎಂದೂ ಎದುರಾಡಿದವಳಲ್ಲ, ಸುಮ್ಮನೆ ಕೇಳಿಸಿಕೊಂಡು ತನಗೆ ಸರಿ ಕಂಡದ್ದನ್ನು ಮಾಡುವವಳು.

ಇಂಥವನ ಮನೆಗೆ ಎಂಟು ತಿಂಗಳ ಹಿಂದೆ ಬಾದಷಾ ಬಂದಿತ್ತು. ಬಂದ ದಿನವೇ ಹಾಜಿಮಲಂಗ ಹಿಟ್ಟು ನಾದಿ ಸವೆದ, ಅಗಲ ತಟ್ಟೆಯಂಥ ಹಳೆಯ ಪರಾತವೊಂದರಲ್ಲಿ ಕಟ್ಟಿಗೆಯ ಹೊಟ್ಟು ಹರವಿ, ಮೂಲೆಯಲ್ಲಿಟ್ಟು, ಮೊಲವನ್ನು ಎದುರಿಗೆ ಕೂಡಿಸಿಕೊಂಡು ತಿಳಿಸಿ ಹೇಳಿದ್ದ. "ನೋಡಪಾ ಬಾದಷಾ, ನಿಂದ ಏನಿದ್ರೂ ಇದರಾಗ. ಹೊರಗ ಒಂದ ಹಿಕ್ಕಿ ಬೀಳಬಾರದು." ಬೆಳಿಗ್ಗೆ ಎದ್ದು ನೋಡಿದರೆ ಹಿಕ್ಕೆಗಳೆಲ್ಲ ಪರಾತದ ನಟ್ಟನಡುವೆ ಅಳೆದು ಸುರಿದಂತೆ ಗುಂಪಾಗಿ ಬಿದ್ದಿದ್ದವು. ನೆಲದ ಮೇಲೆ ಒಂದೂ ಇರಲಿಲ್ಲ. ಹಾಜಿಮಲಂಗ ಪರಾತದ ಮುಂದೆ ಬಹಳ ಹೊತ್ತು ಕೂತಿದ್ದ. ಅವನ ಕಣ್ಣು ತುಂಬಿ ಬಂದಿತ್ತು.

ಅಂದಿನಿಂದ ಒಂದು ದಿನವೂ ತಪ್ಪಿರಲಿಲ್ಲ. ಓಣಿಯವರು ಬಂದು ಪರಾತ ನೋಡಿ ಹೋದರು. ಮೊಲ ಅದರಲ್ಲಿ ಕೂತು ಕೆಲಸ ಮುಗಿಸುವುದನ್ನು ಮಾತ್ರ ಯಾರೂ ಕಂಡಿರಲಿಲ್ಲ, ಹಾಜಿಮಲಂಗನೂ ಕಂಡಿರಲಿಲ್ಲ. "ಅದಕ್ಕ ನಾಚಿಗಿ ಭಾಳ. ಯಾರೂ ಇಲ್ಲದಾಗ ಹೋಕ್ಕೈತಿ" ಎಂದು ಅವನು ಹೇಳುತ್ತಿದ್ದ. ಮರ್ಯಾದೆಯುಳ್ಳ ಪ್ರಾಣಿ ಎಂದು ಓಣಿಯವರು ಒಪ್ಪಿಕೊಂಡಿದ್ದರು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಒಂದು ಜೀವ ಮಾತು ಕೇಳಿದ ಮೇಲೆ ಎರಡನೆಯದೂ ಕೇಳಲಿ ಎನ್ನಿಸುವುದು ಸಹಜ. ಆ ಶನಿವಾರ ಹಾಜಿಮಲಂಗ ಕುಡಚಿಗೆ ಹೋದವನು ಕಂದು ಬಣ್ಣದ ಇನ್ನೊಂದು ಮೊಲವನ್ನು ಚೀಲದಲ್ಲಿ ಹಾಕಿಕೊಂಡು ಬಂದ. ಅದಕ್ಕೆ ದಾರಿಯಲ್ಲಿಯೇ ವಜೀರ ಎಂದು ಹೆಸರಿಟ್ಟಿದ್ದ.

ಗೇಟಿನಲ್ಲಿಯೇ ಮನೆಯ ಮಾಲಕಿ ಗಿರಿಜವ್ವ ಸಿಕ್ಕಳು. ಕಬ್ಬಿನ ಹೊಲ, ಮುಂಭಾಗದಲ್ಲಿ ತನ್ನ ದೊಡ್ಡ ಮನೆ, ಹಿಂಭಾಗದಲ್ಲಿ ಬಾಡಿಗೆಯವರು. ಅಂಗಳದಲ್ಲಿ ಒಣ ಎಲೆ ಬಿದ್ದರೂ ಯಾರ ಗಿಡದ್ದು ಎಂದು ವಿಚಾರಿಸುವ ಹೆಂಗಸು. ಚೀಲದಿಂದ ಹೊರಬಂದ ಕಿವಿಗಳನ್ನು ನೋಡಿದಳು.

"ಒಂದ ಇದ್ದಾಗ ನಾ ಏನೂ ಅನ್ನಲಿಲ್ಲ ಹಾಜಿಮಲಂಗ. ನಿನ್ನ ಮೊಲಾ ಶ್ಯಾಣೇದ ಅಂತ ಮಂದಿ ಅಂತಾರ. ಇದು ಹೆಂಗೋ ಏನೋ. ನಾಳೆ ಸಂಜಿ ಐದಕ್ಕ ಬಂದ ನೋಡ್ತೀನಿ. ಪರಾತದ ಹೊರಗ ಒಂದ ಹಿಕ್ಕಿ ಕಂಡ್ರ ಎರಡನ್ನೂ ಎಲ್ಲೆರ ಬಿಟ್ಟ ಬರಬೇಕ. ಆಗೂದಿಲ್ಲಂದ್ರ ಬ್ಯಾರೆ ಮನಿ ನೋಡ್ಕೋ."

"ಬೆಳಗ ಆಗೂದ್ರಾಗ ಕಲಸ್ತೀನ್ರಿ ಅವ್ವಾರ" ಎಂದ ಹಾಜಿಮಲಂಗ. "ನಂದ ಒಂದ ಮಾತ ಸಾಕ."

ಮದಿನಾಬಿ ಹೊಸ ಮೊಲವನ್ನು ನೋಡಿದಳು, ಹಳೆಯದನ್ನು ನೋಡಿದಳು, ಸೊಂಟದ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮುಗಳಖೋಡದಲ್ಲಿರುವ ತನ್ನ ತಂಗಿಗೆ ಮೊಣಕಾಲು ನೋವಂತೆ, ನಾಳೆ ಮೊದಲನೇ ಬಸ್ಸಿಗೆ ಹೋಗಿ ಸಂಜೆ ಬರುತ್ತೇನೆ ಎಂದಳು. ನಸುಕಿನಲ್ಲಿ ಹೊರಡುವಾಗ ಮಲಗಿದ್ದ ಗಂಡನನ್ನು ಅಲುಗಾಡಿಸಿ, "ಕಸಬಾರಗಿ ಬಾಗಲದ ಹಿಂದ ಐತಿ" ಎಂದು ಹೇಳಿಹೋದಳು. ಹೆಂಗಸರು ಊರಿಗೆ ಹೋಗುವಾಗ ಇಂಥದನ್ನೆಲ್ಲ ಹೇಳುತ್ತಾರೆ ಎಂದು ಹಾಜಿಮಲಂಗ ಮಗ್ಗುಲಾದ.

ಎಂಟಕ್ಕೆ ಎದ್ದು ಕಾಲಿಟ್ಟಾಗ ಪಾದದ ಕೆಳಗೆ ಏನೋ ಉರುಳಿತು. ಬಗ್ಗಿ ನೋಡಿದ. ಕಾಟಿನ ಕೆಳಗೆ ಹಿಕ್ಕೆ, ಟ್ರಂಕಿನ ಬದಿಗೆ ಹಿಕ್ಕೆ, ಕಚೇರಿಗೆ ಹಾಕುವ ಬೂಟಿನೊಳಗೆ ಹಿಕ್ಕೆ. ಪರಾತದ ಹೊಟ್ಟು ಮಾತ್ರ ಹರವಿದ್ದು ಹರವಿದ ಹಾಗೆಯೇ ಇತ್ತು. ಅಪರಾಧಿ ಯಾರು ಎಂಬುದರಲ್ಲಿ ಅವನಿಗೆ ಸಂಶಯವೇ ಹುಟ್ಟಲಿಲ್ಲ. ವಜೀರನನ್ನು ಎತ್ತಿ ಪರಾತದ ಮುಂದೆ ಕೂಡಿಸಿ ಉಪದೇಶ ಶುರು ಮಾಡಿದ. "ಇವನ್ನ ನೋಡಿ ಕಲಿ. ಎಂಟ ತಿಂಗಳಾತು, ಒಮ್ಮೆರೆ ತಪ್ಪಿದ್ದ ತೋರಿಸ್ಲೇ."

ಇವನು ಎಂದು ಬೆರಳು ಮಾಡಿ ತೋರಿಸಿದ ಬಾದಷಾ ಆ ಹೊತ್ತಿಗೆ ಟ್ರಂಕಿನ ಬದಿಗೆ ಕೂತಿತ್ತು. ಹಾಜಿಮಲಂಗ ನೋಡುತ್ತಿದ್ದಂತೆಯೇ ಒಂದರ ಹಿಂದೊಂದು ಆರು ಹಿಕ್ಕೆ ಹಾಕಿ, ಯಾವ ನಾಚಿಕೆಯೂ ಇಲ್ಲದೆ ಮೂತಿ ತೊಳೆದುಕೊಳ್ಳತೊಡಗಿತು.

ಒಂದೇ ರಾತ್ರಿಯ ಸಹವಾಸಕ್ಕೆ ಇಷ್ಟು ಕೆಟ್ಟುಹೋಯಿತಲ್ಲ ಎಂದು ಹಾಜಿಮಲಂಗನಿಗೆ ನಿಜವಾಗಿಯೂ ದುಃಖವಾಯಿತು.

ಪಕ್ಕದ ಮನೆಯ ಧರೆಪ್ಪ ಗೋಡೆಯ ಮೇಲಿನಿಂದ ಇಣುಕಿದವನು, ಕರೆಯದಿದ್ದರೂ ಒಳಗೆ ಬಂದ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಮಿರಜ ದಾರಿಯ ಅನುಭವ ಬಹಳ.

"ಮಲಂಗಭಾಯಿ, ಇದನ್ನ ಮಾರಿದಾಂವ ಎಲ್ಲಿಯಾಂವ?"

"ಮಿರಜ ಕಡ್ಯಾಂವ ಅಂತ ಕಾಣ್ತೈತಿ."

"ಮುಗೀತಲ್ಲ. ಅದಕ್ಕ ಮರಾಠಿ ಬಿಟ್ರ ತಿಳ್ಯಾಂಗಿಲ್ಲ. ನೀ ಬಡಕೊಂಡ್ರ ಏನ ಉಪಯೋಗ? ಸರೀ, ನಾ ಹೇಳ್ತೀನಿ."

ಧರೆಪ್ಪ ಪರಾತದ ಹತ್ತಿರ ಮಂಡಿಯೂರಿ, ದನಿ ಮೆತ್ತಗೆ ಮಾಡಿ, "ಬಾಳಾ, ಇಥೇ ಬಸ್", ಅಂದರೆ ಮಗೂ ಇಲ್ಲಿ ಕೂಡು, ಎಂದ. ವಜೀರ ಕಿವಿ ನಿಮಿರಿಸಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೂವತ್ತು ವರ್ಷದ ಅಭ್ಯಾಸ, ಎರಡು ಪ್ರಾಣಿಗಳು ಒಂದೆಡೆ ಗುಂಪಾಗಿದ್ದುದನ್ನು ಕಂಡು ಅವನ ಬಾಯಿಂದ "ಪುಢೇ ಸರಕಾ, ಪುಢೇ ಸರಕಾ" ಎಂದು ಬಸ್ಸಿನ ಕೂಗೇ ಜೋರಾಗಿ ಬಂತು. ಎರಡೂ ಮೊಲಗಳು ತಕ್ಷಣ ಮುಂದಕ್ಕೆ ಸರಿದು, ಪರಾತ ದಾಟಿ, ಅಡುಗೆಮನೆ ಹೊಕ್ಕು, ಜೋಳದ ಚೀಲದ ಹಿಂದೆ ಕೂತುಬಿಟ್ಟವು. ಹಿಡಿದು ಹೊರತರುವಷ್ಟರಲ್ಲಿ ಅಲ್ಲಿಯೂ ಕಾರ್ಯ ಮುಗಿದಿತ್ತು.

"ಹೇಳಿದ್ದ ತಿಳೀತಲ್ಲಾ ನೋಡ" ಎಂದು ಧರೆಪ್ಪ ಸಮಾಧಾನಪಟ್ಟುಕೊಂಡ.

ಗದ್ದಲ ಕೇಳಿ ಎದುರುಮನೆಯ ರುಕ್ಮವ್ವ ಬಂದಳು. ಅವಳ ಅಕ್ಕ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳು, ಹಾಗಾಗಿ ರುಕ್ಮವ್ವನ ಮನೆಯಲ್ಲಿ ಎಲ್ಲ ರೋಗಕ್ಕೂ ತಂಬಾಕೇ ಔಷಧಿ. "ಮಲಂಗಣ್ಣ, ಎಲ್ಲೆಲ್ಲಿ ಮಾಡಬಾರದೋ ಅಲ್ಲಿ ತಂಬಾಕದ ಪುಡಿ ಉದರಸ್ರಿ. ವಾಸನಿಗೆ ಹತ್ರ ಸುಳ್ಯಾಂಗಿಲ್ಲ. ಉಳದದ್ದ ಪರಾತ ಒಂದ, ಅಲ್ಲೇ ಹೋಕ್ಕಾವ."

ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಅವಳು ತಂದುಕೊಟ್ಟ ಪುಡಿಯನ್ನು ಹಾಜಿಮಲಂಗ ಮೂಲೆಮೂಲೆಗೆ ಉದುರಿಸಿದ. ಟ್ರಂಕಿನ ಬದಿಗೆ ಉದುರಿಸುವಾಗ ಮೊದಲನೇ ಸೀನು ಬಂತು. ಆ ಸೀನಿಗೆ ಕೈಯಲ್ಲಿದ್ದ ಪುಡಿಯೆಲ್ಲ ಹಾರಿ ಪರಾತದೊಳಗೆ ಬಿತ್ತು. ಆಮೇಲೆ ಧರೆಪ್ಪ ಸೀನಿದ, ರುಕ್ಮವ್ವ ಸೆರಗು ಮೂಗಿಗೆ ಹಿಡಿದು ಓಡಿದಳು, ಕಣ್ಣೊರೆಸಿಕೊಳ್ಳುತ್ತ ಹಾಜಿಮಲಂಗ ಹನ್ನೆರಡು ಸೀನು ಎಣಿಸಿ ಮುಂದೆ ಎಣಿಸುವುದನ್ನು ಬಿಟ್ಟ. ಮನೆಯಲ್ಲಿ ತಂಬಾಕು ಬೀಳದೆ ಉಳಿದದ್ದು ಕಾಟಿನ ಮೇಲಿನ ಗಾದಿ ಒಂದೇ. ಮೊಲಗಳು ಬುದ್ಧಿವಂತ ಪ್ರಾಣಿಗಳು. ಎರಡೂ ಗಾದಿಯ ಮೇಲೆ ಹೋಗಿ ಕೂತಿದ್ದವು, ಸುಮ್ಮನೆ ಕೂತಿರಲಿಲ್ಲ.

ಗಾದಿ ಬಿಸಿಲಿಗೆ ಹಾಕಿ, ತಂಬಾಕನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ಪರಾತಕ್ಕೆ ಹೊಸ ಹೊಟ್ಟು ಹಾಕುವಷ್ಟರಲ್ಲಿ ಮೂರು ಗಂಟೆ. ಸುಮಯ್ಯಾ ಮೊಬೈಲು ಹಿಡಿದು ಬಂದಳು.

"ಅಬ್ಬಾ, ಇದರಾಗ ಬರದಾರ. ಎರಡನೇ ಮೊಲಾ ಬಂತಂದ್ರ ಹಳೇದು ಇದು ನನ್ನ ಜಾಗಾ ಅಂತ ತೋರಿಸಾಕ ಮನಿ ತುಂಬ ಹಾಕತೈತೆಂತ. ಹೊಸಾದೂ ಹಂಗ ಮಾಡ್ತೈತೆಂತ. ಎರಡನ್ನೂ ಬ್ಯಾರೆ ಬ್ಯಾರೆ ಇಟ್ಟ, ಎರಡ ಪರಾತ ಕೊಟ್ಟ, ಎರಡ ವಾರ ತಡೀಬೇಕೆಂತ."

"ನಮಗ ಇರೂದು ಎರಡ ತಾಸು."

"ಅಮ್ಮಿಗೆ ಫೋನ್ ಹಚ್ಚಲೇನ?"

"ಆಕಿಗೇನ ತಿಳೀತೈತಿ ಇದರಾಗಿಂದು? ಕಲಿಸಿದಾಂವ ನಾನು" ಎಂದು ಹಾಜಿಮಲಂಗ ರೇಗಿದ. ಸುಮಯ್ಯಾ ಏನೋ ಹೇಳಲು ಬಾಯಿ ತೆರೆದವಳು, ತಂದೆಯ ಮುಖ ನೋಡಿ "ಹೂಂ ಅಬ್ಬಾ" ಎಂದು ಒಳಗೆ ಹೋದಳು.

ಆಮೇಲೆ ಅವನು ಬೈದು ನೋಡಿದ, ಕೊತ್ತಂಬರಿ ತೋರಿಸಿ ರಮಿಸಿ ನೋಡಿದ, ಎರಡನ್ನೂ ಪರಾತದಲ್ಲಿ ಅದುಮಿ ಹಿಡಿದು ಕಾಲು ಗಂಟೆ ಕೂತ. ಹಿಡಿದಿರುವ ತನಕ ಎರಡೂ ಕಲ್ಲಿನಂತೆ ಇದ್ದವು. ಬಿಟ್ಟ ಕೂಡಲೆ ನೆಲಕ್ಕಿಳಿದು ತಡೆದಿಟ್ಟುಕೊಂಡದ್ದನ್ನೆಲ್ಲ ಹಾಕಿದವು. ಬಾದಷಾ ಅವನ ಕಾಲಬುಡದಲ್ಲಿಯೇ ಹಾಕಿತು. ಕಚೇರಿಯಲ್ಲಿ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗುವವರು ಹಾಜಿಮಲಂಗನಿಗೆ ನೆನಪಾದರು. ಮನೆ ಬಿಡಬೇಕಾದೀತು ಎಂಬುದಕ್ಕಿಂತ, ಇದೂ ನನ್ನ ಮಾತು ಕೇಳದೆ ಹೋಯಿತಲ್ಲ ಎಂಬುದೇ ಅವನನ್ನು ಹೆಚ್ಚು ಚುಚ್ಚಿತು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅಂಗಳದಲ್ಲಿ ಗಿರಿಜವ್ವನ ಚಪ್ಪಲಿಯ ಸಪ್ಪಳ ಕೇಳಿತು. ಹಾಜಿಮಲಂಗ ಸುತ್ತಲೂ ನೋಡಿದ. ಬಾಗಿಲ ಹಿಂದೆ ಕಸಬರಿಗೆ ಇತ್ತು. ಜೀವನದಲ್ಲಿ ಎಂದೂ ಮಾಡದ ಮೋಸಕ್ಕೆ ಅವನು ಅಂದು ಕೈಹಾಕಿದ. ಕಾಟಿನ ಕೆಳಗಿನಿಂದ, ಟ್ರಂಕಿನ ಬದಿಯಿಂದ, ಚೀಲದ ಹಿಂದಿನಿಂದ ಎಲ್ಲವನ್ನೂ ಗುಡಿಸಿ ಒಟ್ಟುಮಾಡಿ ಪರಾತಕ್ಕೆ ಸುರಿದು, ಕಸಬರಿಗೆಯನ್ನು ಬಾಗಿಲ ಹಿಂದೆ ದೂಡಿ, ಏದುಸಿರು ಬಿಡುತ್ತ ನಿಂತ.

ಗಿರಿಜವ್ವ ಬಂದಳು. ಕಾಟಿನ ಕೆಳಗೆ ಬಗ್ಗಿ ನೋಡಿದಳು, ಟ್ರಂಕು ಸರಿಸಿ ನೋಡಿದಳು, ಅಡುಗೆಮನೆಗೂ ಹೋಗಿ ಬಂದಳು. ಕೊನೆಗೆ ಪರಾತದ ಮುಂದೆ ನಿಂತಳು.

"ಭಾರೀ ಕಲಿಸಿದಿ ಬಿಡಪಾ. ಕಾಗವಾಡದಾಗ ನಮ್ಮ ತಮ್ಮ ರಾವಸಾಹೇಬ ಅದಾನಲ್ಲ, ಅವನ ಮೊಮ್ಮಕ್ಕಳೂ ಎರಡ ಮೊಲಾ ತಂದ ಮನೀ ಹೊಲಸ ಮಾಡಿಟ್ಟಾವು. ನಾಳೆ ಬೆಳಿಗ್ಗೆ ತಗೊಂಡ ಬರಾಕ ಹೇಳ್ತೀನಿ. ಒಂದ ತಿಂಗಳಾ ಇಟ್ಕೊಂಡ ಕಲಿಸಿ ಕೊಡು. ನಿನಗೇನ, ಒಂದ ಮಾತಿನ ಕೆಲಸ."

"ಅವ್ವಾರ" ಎಂದ ಹಾಜಿಮಲಂಗ. ಮುಂದಿನದು ಹೊರಡಲಿಲ್ಲ. ಗಿರಿಜವ್ವ ಅದನ್ನು ಒಪ್ಪಿಗೆ ಎಂದು ತಿಳಿದು ಹೋದಳು.

ಆರೂವರೆಯ ಬಸ್ಸಿಗೆ ಮದಿನಾಬಿ ಬಂದಳು. ಬುರ್ಖಾ ತೆಗೆದು ನೀರು ಕುಡಿದು ಕೂತ ಮೇಲೆ, ಹಾಜಿಮಲಂಗ ಅವಳ ಎದುರಿಗೆ ತಲೆ ತಗ್ಗಿಸಿ ಕೂತ. ಬೇರೆ ಯಾರಿಗೆ ಹೇಳದಿದ್ದರೂ ಅವಳಿಗೆ ಹೇಳದೆ ಇರಲಾರದಾದ.

"ಮದಿನಾ, ಇವತ್ತ ನಾ ಒಂದ ತಪ್ಪ ಮಾಡೇನಿ. ಮೊಲಾ ಪರಾತಕ್ಕ ಹೋಗಲಿಲ್ಲ. ನಾನ ಗುಡಿಸಿ ಅದರಾಗ ಹಾಕಿದೆ."

ಮದಿನಾಬಿ ಪರಾತದ ಕಡೆ ಕುತ್ತಿಗೆ ಚಾಚಿ ನೋಡಿದಳು. "ಯಾವದರಲೆ ಗುಡಿಸಿದ್ರಿ?"

"ಕಸಬಾರಗೀಲೆ."

"ಅದಕ್ಕ ಹಂಗ ಕಾಣ್ತೈತಿ. ಕಸಬಾರಗಿ ಗಡಿಬಿಡೀಗಷ್ಟ. ಹಿಕ್ಕಿ ಒಡೀತಾವು, ಧೂಳೂ ಕೂಡಿ ಬರ್ತೈತಿ, ಗುಂಪ ಸರೀ ಕೂಡೂದಿಲ್ಲ. ರಟ್ಟಿಲೆ ದಬ್ಬಬೇಕ." ಅವಳು ಕಾಟಿನ ಕೆಳಗೆ ಕೈ ಹಾಕಿ ಹಳೆಯ ಕ್ಯಾಲೆಂಡರಿನ ರಟ್ಟೊಂದನ್ನು ಎಳೆದಳು. ಅದರ ಒಂದು ಅಂಚು ನೆಲಕ್ಕೆ ಉಜ್ಜಿ ಉಜ್ಜಿ ಸವೆದುಹೋಗಿತ್ತು.

ಹಾಜಿಮಲಂಗ ಆ ಅಂಚನ್ನು ಬೆರಳಿನಿಂದ ಸವರಿ ನೋಡಿದ. "ಎಂಟ ತಿಂಗಳಾ?"

"ಎಂಟ ತಿಂಗಳಾ, ಹನ್ನೊಂದ ದಿನಾ."

ಬಾಗಿಲಲ್ಲಿ ನಿಂತಿದ್ದ ಸುಮಯ್ಯಾ ಮೊಬೈಲಿನಲ್ಲಿ ಮುಖ ಹುದುಗಿಸಿದಳು. ಅವಳಿಗೂ ಗೊತ್ತಿತ್ತು ಎಂಬುದು ಅದರಿಂದಲೇ ಗೊತ್ತಾಯಿತು.

"ಯಾಕ ಮದಿನಾ?"

"ಮೊದಲನೇ ದಿನಾ ಅದನ್ನ ಮುಂದ ಕುಂದ್ರಿಸಿಕೊಂಡ ಅಷ್ಟೆಲ್ಲಾ ತಿಳಿಸಿ ಹೇಳಿ ಮಲಗಿದ್ರಿ. ನಸುಕಿನ್ಯಾಗ ನಮಾಜಕ್ಕ ಎದ್ದ ನೋಡಿದ್ರ ಮನೀ ತುಂಬ ಹಿಕ್ಕಿ. ಕಚೇರ್ಯಾಗ ಯಾರೂ ಇವರ ಮಾತ ಕೇಳೂದಿಲ್ಲ, ಇದೂ ಕೇಳಲಿಲ್ಲ ಅಂತ ಗೊತ್ತಾದ್ರ ಹೆಂಗ ಅನ್ನಿಸ್ತು. ಕೂಡಿಸಿ ಹಾಕಿದೆ. ಒಂದ ದಿನದ ಮಾತ ಅನ್ಕೊಂಡಿದ್ದೆ."

ಹಾಜಿಮಲಂಗ ಮೆಲ್ಲಗೆ ಕೇಳಿದ. "ಒಮ್ಮೆರೆ ತಾನಾಗಿ ಹೋಗಿಲ್ಲೇನ?"

ಮದಿನಾಬಿ ಸುಳ್ಳು ಹೇಳುವವಳಲ್ಲ, ಯೋಚಿಸಿ ನೋಡಿದಳು. "ಒಮ್ಮೆ ಹೋಗಿತ್ರಿ." ಗಂಡನ ಮುಖ ಅರಳಿತು. "ಧರೆಪ್ಪಣ್ಣನ ಮನ್ಯಾಗ ಕುಕ್ಕರ್ ಸೀಟಿ ಹೊಡೀತು. ಬೆದರಿ ಜಿಗದ ಅದರಾಗ ಬಿತ್ತು."

ರಟ್ಟು ಇಬ್ಬರ ನಡುವೆ ನೆಲದ ಮೇಲಿತ್ತು. "ಒಂದ ಇದ್ದಾಗ ಹೆಂಗೋ ನಡೀತು" ಎಂದಳು ಮದಿನಾಬಿ. "ಎರಡಂದ್ರ ನನ್ನ ನಡಾ ಕೇಳೂದಿಲ್ಲ. ತಂಗಿ ಮೊಣಕಾಲಿಗೆ ಏನೂ ಆಗಿಲ್ಲ, ಒಂದ ದಿನಾ ಅಡ್ಡಾಗೂನು ಅಂತ ಹೋಗಿದ್ದೆ."

ಆಗ ಹಾಜಿಮಲಂಗ ರಾವಸಾಹೇಬನ ಎರಡು ಮೊಲಗಳ ಸಂಗತಿ ಹೇಳಬೇಕಾಯಿತು. ಮದಿನಾಬಿ ಪೂರ್ತಿ ಕೇಳಿದಳು. ಎದುರಾಡಲಿಲ್ಲ. ರಟ್ಟನ್ನು ಎತ್ತಿ ಗಂಡನ ಕೈಯಲ್ಲಿಟ್ಟು, "ನಸುಕಿನ್ಯಾಗ ಐದಕ್ಕ. ಮಂದಿ ಏಳೂದ್ರಾಗ ಮುಗಿಸಬೇಕ" ಎಂದು ಅಡುಗೆಮನೆಗೆ ಹೋದಳು.

ಮರುದಿನ ಬೆಳಿಗ್ಗೆ ರಾವಸಾಹೇಬನ ಜೀಪು ಗೇಟಿನಲ್ಲಿ ನಿಂತಾಗ, ಹಾಜಿಮಲಂಗ ಕಾಟಿನ ಕೆಳಗಿನಿಂದ ಹಿಮ್ಮುಖವಾಗಿ ತೆವಳಿ ಹೊರಬಂದು ಆಗಷ್ಟೇ ಮೊಣಕಾಲು ಝಾಡಿಸಿಕೊಳ್ಳುತ್ತಿದ್ದ. ಪರಾತದ ನಡುವೆ ಗುಂಪು ಚೊಕ್ಕವಾಗಿ ಕೂತಿತ್ತು. ದೊಡ್ಡ ಬುಟ್ಟಿ ಹಿಡಿದು ಅಕ್ಕನ ಜೊತೆ ಒಳಗೆ ಬಂದ ರಾವಸಾಹೇಬ ಅದನ್ನು ನೋಡಿ ಮದಿನಾಬಿಯ ಕಡೆ ತಿರುಗಿದ.

"ಅಲ್ಲವ್ವಾ, ಹೇಳಿದ್ದ ಮಾತ ಇಷ್ಟ ಕೇಳ್ತಾವೇನ?"

"ಹೌದ್ರಿ ಸಾಹೇಬ್ರ" ಎಂದಳು ಮದಿನಾಬಿ, ಗಂಡನ ಕಡೆ ನೋಡುತ್ತ. "ಒಂದ ಸಲಾ ಹೇಳಿದ್ರ ಸಾಕ್ರಿ."